ಲೆಕ್ಕ ಒಳಗಿದೆ, ಪಟ್ಟಿ ಹೊರಗೆ ಬರುತ್ತಿಲ್ಲ

ಹುಣಸೂರು ಸೀಮೆಯ ಯಾವುದೇ ಹಾಲಿನ ಡೇರಿಯಲ್ಲಿ ಬಟವಾಡೆಯ ದಿನ ಬೆಳಿಗ್ಗೆ ಹೋಗಿ ನಿಂತರೆ ಈ ನೋಟ ಕಾಣಬಹುದು. ಹಾಲು ಅಳೆದಾಗಿದೆ, ಕ್ಯಾನುಗಳು ಗಾಡಿ ಹತ್ತಿವೆ, ನೆಲ ತೊಳೆದ ನೀರು ಇನ್ನೂ ಬಾಗಿಲ ಬಳಿ ಹರಿಯುತ್ತಿದೆ. ಒಳಗೆ ಕಾರ್ಯದರ್ಶಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಸದಸ್ಯರ ಹೆಸರು, ಲೀಟರು, ಫ್ಯಾಟು, ಸಲ್ಲಬೇಕಾದ ಹಣ ಎಲ್ಲವೂ ಪರದೆಯ ಮೇಲೆ ಸರಿಯಾಗಿಯೇ ಇವೆ. ಆ ಪಟ್ಟಿಯನ್ನು ಒಂದು ಪಿಡಿಎಫ್ ಫೈಲು ಮಾಡಿ ಬ್ಯಾಂಕಿಗೆ ಕಳಿಸಿದರೆ ಅವರ ಇವತ್ತಿನ ಕೆಲಸ ಮುಗಿಯಿತು. ಗುಂಡಿ ಒತ್ತುತ್ತಾರೆ. ಸಣ್ಣ ಚಕ್ರ ತಿರುಗುತ್ತದೆ. ಪರದೆ ಬಿಳಿಚಿಕೊಳ್ಳುತ್ತದೆ. ಮರುಕ್ಷಣ ತಂತ್ರಾಂಶವೇ ಮಾಯ.

"ಯಾಕಣ್ಣ, ಇವತ್ತೂ ಆಗ್ಲಿಲ್ವಾ?" ಎಂದು ಬಾಗಿಲಲ್ಲಿ ಪಾಸ್‌ಬುಕ್ಕು ಹಿಡಿದು ನಿಂತ ಹೆಂಗಸು ಕೇಳುತ್ತಾಳೆ. "ಕಂಪ್ಯೂಟ್ರು ನಿಂತೋಯ್ತು ಕಣಕ್ಕ, ನಾಳೆ ಬಾ" ಎನ್ನುವುದು ಬಿಟ್ಟು ಅವರಲ್ಲಿ ಬೇರೆ ಉತ್ತರವಿಲ್ಲ.

ಇದು ಡೇರಿಯೊಂದರ ಪಾಡಲ್ಲ. ಪಿರಿಯಾಪಟ್ಟಣದ ಗೊಬ್ಬರದಂಗಡಿಯ ದಾಸ್ತಾನು ಪಟ್ಟಿ, ಕೆ.ಆರ್. ನಗರದ ಅಕ್ಕಿ ಗಿರಣಿಯ ವರ್ಷದ ಲೆಡ್ಜರು, ಹೆಚ್.ಡಿ. ಕೋಟೆಯ ಶಾಲೆಯೊಂದರ ಅಂಕಪಟ್ಟಿ, ಎಲ್ಲವೂ ನಿಲ್ಲುವುದು ಇದೇ ಗಳಿಗೆಯಲ್ಲಿ. ದಿನವಿಡೀ ಚೆನ್ನಾಗಿ ನಡೆದ ತಂತ್ರಾಂಶ ವರದಿಯನ್ನು ಫೈಲಾಗಿ ಇಳಿಸುವಾಗ ಮಾತ್ರ ಕುಸಿಯುತ್ತದೆ. ಆಗ ಎದೆ ಧಸಕ್ಕೆನ್ನುತ್ತದೆ, ಲೆಕ್ಕವೆಲ್ಲ ಹೋಯಿತೆಂದೇ ಅನ್ನಿಸುತ್ತದೆ. ಸಾಮಾನ್ಯವಾಗಿ ಲೆಕ್ಕ ಎಲ್ಲಿಗೂ ಹೋಗಿರುವುದಿಲ್ಲ. ಅಂಕಿ ಇರುವ ಜಾಗ ಬೇರೆ, ಅದು ಕಾಗದದ ರೂಪ ತಾಳುವ ದಾರಿ ಬೇರೆ. ಕೆಟ್ಟಿರುವುದು ದಾರಿ. ಆ ದಾರಿಯಲ್ಲಿ ಎಲ್ಲೆಲ್ಲಿ ಹಳ್ಳ ಬೀಳುತ್ತದೆ ಎಂದು ತಿಳಿದಿದ್ದರೆ ಅರ್ಧ ಗಂಟೆಯಲ್ಲಿ ದಾಟಬಹುದಾದದ್ದಕ್ಕೆ ಮೂರು ದಿನ ಕಳೆಯಬೇಕಿಲ್ಲ.

ಕಾಗದವೇ ಫೈಲಾದ ಕಾಲ

ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಕಂಪ್ಯೂಟರಿನ ವರದಿ ಮೊದಲು ಕೈಗೆ ಬಂದದ್ದು ಬಹುಪಾಲು ಪಹಣಿಯ ರೂಪದಲ್ಲಿ. ಅಲ್ಲಿಯವರೆಗೆ ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದ ಪಹಣಿ, 'ಭೂಮಿ' ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಿಂದ 15 ರೂಪಾಯಿಗೆ ಮುದ್ರಣವಾಗಿ ಬರತೊಡಗಿತು. ರಾಜ್ಯದ ಆಗಿನ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಲೆಕ್ಕಿಗರ ಕೈಬರಹಕ್ಕೆ ಇದ್ದ ಬೆಲೆಯನ್ನು ಪ್ರಿಂಟರಿನ ಕಾಗದ ಪಡೆಯಿತು.

ಈಗ ಕಾಗದದ ಜಾಗಕ್ಕೂ ಫೈಲು ಬಂದು ಕೂತಿದೆ. ಬ್ಯಾಂಕು, ಲೆಕ್ಕಪರಿಶೋಧಕರು, ವಿಮೆಯವರು ಎಲ್ಲರೂ ಕೇಳುವುದು "ಪಿಡಿಎಫ್ ಕಳಿಸಿ" ಎಂದೇ. ಹಾಲು ಹಾಕುವವರಿಗೆ ಸರ್ಕಾರ ಲೀಟರಿನ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನ ನೇರವಾಗಿ ಖಾತೆಗೆ ಹೋಗುತ್ತದೆ. ಹೋಗಬೇಕಾದರೆ ಮೊದಲು ಸದಸ್ಯರ ಪಟ್ಟಿ ಸರಿಯಾಗಿ ಮೇಲಕ್ಕೆ ಹೋಗಬೇಕು. ಹಿಂದೆ ಪ್ರಿಂಟರ್ ಕೆಟ್ಟರೆ ಕೈಯಲ್ಲಿ ಬರೆದುಕೊಡಬಹುದಿತ್ತು. ಫೈಲಿಗೆ ಅಂಥ ಬದಲಿ ಇಲ್ಲ.

ಪಿಡಿಎಫ್ ಎಂಬ ರೂಪವನ್ನು ಅಡೋಬಿ ಕಂಪನಿ ಹೊರತಂದದ್ದು 1993ರಲ್ಲಿ. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ವಿಂಡೋಸ್ 10 ಬಂದ 2015ರಿಂದ ಪಿಡಿಎಫ್ ಮಾಡುವ ಸೌಲಭ್ಯ ವಿಂಡೋಸಿನ ಜೊತೆಗೇ ಬರುತ್ತಿದೆ. ಅದಕ್ಕೂ ಮುಂಚೆ ಫೈಲಿಗೆ ಪ್ರಿಂಟ್ ಮಾಡುವುದೆಂದರೆ ಅರ್ಥವೇ ಬೇರೆ ಇತ್ತು. ಪ್ರಿಂಟರಿಗೆ ಹೋಗಬೇಕಾದ ಸಂಕೇತಗಳನ್ನು ಹಾಗೆಯೇ ಒಂದು ಫೈಲಿನಲ್ಲಿ ತುಂಬಿಡುವುದು. ಅದನ್ನು ತೆರೆದರೆ ಮನುಷ್ಯರು ಓದುವಂಥದ್ದೇನೂ ಇರುವುದಿಲ್ಲ. ಆ ಹಳೆಯ ಚೌಕ, 'ಪ್ರಿಂಟ್ ಟು ಫೈಲ್' ಎಂಬುದು, ಇಂದಿಗೂ ಹಲವು ಪ್ರಿಂಟ್ ಕಿಟಕಿಗಳ ಮೂಲೆಯಲ್ಲಿ ಉಳಿದಿದೆ. ಕೈತಪ್ಪಿ ಅದಕ್ಕೆ ಟಿಕ್ ಬಿದ್ದರೆ ಕಾಗದವೂ ಬರುವುದಿಲ್ಲ, ಪಿಡಿಎಫ್ಫೂ ಆಗುವುದಿಲ್ಲ. ತಂತ್ರಾಂಶ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಆ ಟಿಕ್ಕನ್ನು ನೋಡಬೇಕು.

ಎದುರಿಗಿಲ್ಲದ ಪ್ರಿಂಟರ್

ಫೈಲು ಮಾಡಲು ಪ್ರಿಂಟರ್ ಏಕೆ ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ವರದಿ ತಯಾರಿಸುವ ಬಹಳಷ್ಟು ತಂತ್ರಾಂಶಗಳು ಪುಟ ಎಷ್ಟು ದೊಡ್ಡದು, ಅಂಚು ಎಷ್ಟು ಬಿಡಬೇಕು, ಒಂದು ಸಾಲಿನಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೆ ಎಂಬುದನ್ನೆಲ್ಲ ಕೇಳಿ ತಿಳಿಯುವುದು ಪ್ರಿಂಟರಿನ ಡ್ರೈವರ್ ತಂತ್ರಾಂಶದಿಂದಲೇ. ಯಾವ ಪ್ರಿಂಟರ್ ಡೀಫಾಲ್ಟ್ ಎಂದು ಗುರುತಾಗಿದೆಯೋ ಅದನ್ನೇ ಕೇಳುತ್ತವೆ. ಆ ಪ್ರಿಂಟರು ಮಾರಿಹೋಗಿದ್ದರೆ, ಪಕ್ಕದ ಕೋಣೆಯ ಆರಿಸಿಟ್ಟ ಕಂಪ್ಯೂಟರಿಗೆ ಸೇರಿದ್ದಾಗಿದ್ದರೆ, ಅಥವಾ ಅದರ ಡ್ರೈವರ್ ಹಾಳಾಗಿದ್ದರೆ ಉತ್ತರ ಕೊಡುವವರಿಲ್ಲ. ಎಚ್ಚರದಿಂದ ಬರೆದ ತಂತ್ರಾಂಶ "ಪ್ರಿಂಟರ್ ಸಿಗುತ್ತಿಲ್ಲ" ಎಂದು ಹೇಳಿ ಸುಮ್ಮನಾಗುತ್ತದೆ. ಎಚ್ಚರವಿಲ್ಲದೆ ಬರೆದದ್ದು ಕುಸಿದು ಬೀಳುತ್ತದೆ.

ನಿನ್ನೆಯವರೆಗೆ ಸರಿಯಿತ್ತು, ಇವತ್ತು ಏನಾಯಿತು ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರ ಸಿಗಬಹುದು. 2015ರ ನವೆಂಬರಿನ ನಂತರದ ವಿಂಡೋಸ್ 10ರಲ್ಲಿ ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ಆರಿಸಿಕೊಳ್ಳುವ ವ್ಯವಸ್ಥೆ ಇದೆ. ಕೊನೆಯ ಸಲ ಯಾವುದರಲ್ಲಿ ಮುದ್ರಿಸಿದಿರೋ ಅದೇ ಡೀಫಾಲ್ಟ್ ಆಗಿಬಿಡುತ್ತದೆ. ನಿನ್ನೆ ಸಂಜೆ ಯಾರೋ ಒಂದು ಅರ್ಜಿಯನ್ನು ಬೇರೆ ಪ್ರಿಂಟರಿಗೆ ಕಳಿಸಿದ್ದರೆ ಇವತ್ತು ಬೆಳಗಿನ ಬಟವಾಡೆ ಪಟ್ಟಿ ಕೇಳುವುದು ಆ ಪ್ರಿಂಟರನ್ನು.

ಪರೀಕ್ಷೆ ಸುಲಭ. ಪ್ರಿಂಟರ್ ಸೆಟ್ಟಿಂಗಿನಲ್ಲಿ ಆ ವ್ಯವಸ್ಥೆಯನ್ನು ಆಫ್ ಮಾಡಿ, 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಅನ್ನೇ ಡೀಫಾಲ್ಟ್ ಮಾಡಿ, ತಂತ್ರಾಂಶವನ್ನು ಮುಚ್ಚಿ ತೆರೆದು ಮತ್ತೊಮ್ಮೆ ಪ್ರಯತ್ನಿಸಬೇಕು. ಪಟ್ಟಿ ಇಳಿದರೆ ತಪ್ಪು ಡ್ರೈವರಿನದು, ಲೆಕ್ಕದ್ದಲ್ಲ.

ಒಮ್ಮೊಮ್ಮೆ ವಿಂಡೋಸಿನ ಕಡೆಯಿಂದಲೇ ಪೆಟ್ಟು ಬೀಳುತ್ತದೆ. 2021ರ ಮಾರ್ಚ್ ತಿಂಗಳ ಅಪ್‌ಡೇಟ್ ಬಂದಾಗ ಕೆಲವು ಬಗೆಯ ಪ್ರಿಂಟರುಗಳಿಗೆ ಮುದ್ರಿಸಲು ಹೋದೊಡನೆ ಕಂಪ್ಯೂಟರೇ ನೀಲಿ ಪರದೆ ತೋರಿಸಿ ನಿಂತದ್ದು ಜಗತ್ತಿನಾದ್ಯಂತ ನಡೆಯಿತು. ಒಂದು ವಾರದೊಳಗೆ ಮೈಕ್ರೋಸಾಫ್ಟ್ ತಿದ್ದುಪಡಿ ಹೊರತಂದಿತು. ಊರಿನ ಹಲವು ಕಂಪ್ಯೂಟರುಗಳು ಒಂದೇ ದಿನ ಒಂದೇ ರೀತಿ ಕೆಟ್ಟರೆ ಅಪ್‌ಡೇಟಿನ ಮೇಲೆ ಅನುಮಾನ ಪಡುವುದು ನ್ಯಾಯ.

ಹೆಸರಿನ ತೊಡಕು

ಪ್ರಿಂಟರ್ ದಾಟಿದ ಮೇಲೆ ಫೈಲಿಗೊಂದು ಹೆಸರು, ಇಡಲೊಂದು ಜಾಗ ಬೇಕು. ಇಲ್ಲಿ ಆಗುವ ತಪ್ಪುಗಳು ಬಹಳ ಸಣ್ಣವು, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ಮಾರ್ಚ್ ಕೊನೆಯ ಪಟ್ಟಿಗೆ 'ಬಟವಾಡೆ 31/3' ಎಂದು ಹೆಸರಿಡುವುದು ನಮಗೆ ಸಹಜ. ಆದರೆ ವಿಂಡೋಸಿನಲ್ಲಿ ಫೈಲಿನ ಹೆಸರಿಗೆ ಓರೆಗೆರೆ ಸಲ್ಲದು. ಪ್ರಶ್ನೆ ಚಿಹ್ನೆ, ನಕ್ಷತ್ರ, ವಿವರಣ ಚಿಹ್ನೆ, ಉದ್ಧರಣ ಚಿಹ್ನೆ ಇವೂ ಸಲ್ಲವು. 31-3 ಎಂದು ಅಡ್ಡಗೆರೆ ಹಾಕಿದರೆ ಸಾಕು. ನಿನ್ನೆ ಮಾಡಿದ ಪಿಡಿಎಫ್ಫನ್ನು ಅಡೋಬಿ ರೀಡರಿನಲ್ಲಿ ತೆರೆದಿಟ್ಟುಕೊಂಡೇ ಅದೇ ಹೆಸರಿನಲ್ಲಿ ಇವತ್ತಿನದನ್ನು ಉಳಿಸಲು ಹೋದರೂ ಆಗದು. ತೆರೆದಿರುವ ಫೈಲಿಗೆ ಬೀಗ ಬಿದ್ದಿರುತ್ತದೆ. ಪೆನ್‌ಡ್ರೈವಿಗೆ ಉಳಿಸುವ ಅಭ್ಯಾಸವಿದ್ದವರು ಇನ್ನೊಂದನ್ನು ಗಮನಿಸಬೇಕು. ಬೇರೆ ಕಿಂಡಿಗೆ ಸಿಕ್ಕಿಸಿದಾಗ ಅದರ ಡ್ರೈವ್ ಅಕ್ಷರ ಬದಲಾಗಬಹುದು, ತಂತ್ರಾಂಶ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿರುತ್ತದೆ.

ಕನ್ನಡದಲ್ಲಿ ಹೆಸರಿಟ್ಟಾಗ ಆಗುವ ತೊಂದರೆ ನನಗೆ ಹೆಚ್ಚು ನೋವಿನದು. ಹಳೆಯ ಲೆಕ್ಕದ ತಂತ್ರಾಂಶಗಳು ಯೂನಿಕೋಡ್ ಬಾರದ ಕಾಲದವು. ವಿಂಡೋಸಿನ ಆ ಹಳೆಯ ಅಕ್ಷರಕೋಷ್ಟಕಗಳಲ್ಲಿ ಕನ್ನಡಕ್ಕೆ ಸ್ಥಾನವೇ ಇರಲಿಲ್ಲ. ಹಾಗಾಗಿ 'ಬಟವಾಡೆ' ಎಂಬ ಫೋಲ್ಡರಿನ ಹೆಸರು ಆ ತಂತ್ರಾಂಶಕ್ಕೆ ಸಾಲು ಸಾಲು ಪ್ರಶ್ನೆ ಚಿಹ್ನೆಗಳಾಗಿ ಕಾಣುತ್ತದೆ. ಪ್ರಶ್ನೆ ಚಿಹ್ನೆಯೋ ಫೈಲಿನ ಹೆಸರಿಗೆ ನಿಷಿದ್ಧ. ಅಲ್ಲಿಗೆ ದಾರಿ ಮುಗಿಯಿತು. ಕಂಪ್ಯೂಟರಿನ ಬಳಕೆದಾರರ ಹೆಸರನ್ನೇ ಕನ್ನಡದಲ್ಲಿ ಇಟ್ಟಿದ್ದರೆ ತೊಂದರೆ ಇನ್ನೂ ಒಳಗಿನದು. ವರದಿ ಮಾಡುವಾಗ ತಂತ್ರಾಂಶ ತಾತ್ಕಾಲಿಕ ಫೈಲುಗಳನ್ನು ಬರೆಯುವುದು ಆ ಬಳಕೆದಾರರ ಹೆಸರಿನ ಫೋಲ್ಡರಿನೊಳಗೆ. ತಮ್ಮ ಭಾಷೆಯಲ್ಲಿ ಹೆಸರು ಬರೆದದ್ದಕ್ಕೆ ತಂತ್ರಾಂಶ ಕುಸಿಯುವುದು ಬಳಸುವವರ ತಪ್ಪಲ್ಲ. ಹಾಗಿದ್ದೂ, ಕೆಲಸ ನಡೆಯಬೇಕಾದ ದಿನ, ಸಿ ಅಥವಾ ಡಿ ಡ್ರೈವಿನಲ್ಲಿ ಇಂಗ್ಲಿಷಿನ ಚಿಕ್ಕ ಹೆಸರಿನ ಫೋಲ್ಡರ್ ಮಾಡಿ ಅಲ್ಲಿ ಉಳಿಸಿ ನೋಡುವುದು ಒಳ್ಳೆಯದು.

ಕಣ್ಣಿಗೆ ಎಂಟು, ಯಂತ್ರಕ್ಕೆ ಹದಿನಾಲ್ಕು

ಅಕ್ಷರದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಸರ್ಕಾರಿ ಕಚೇರಿಗಳಿಗೆ ಬಂತು. ಕನ್ನಡದ ಕೆಲಸ ಕಂಪ್ಯೂಟರಿನಲ್ಲಿ ನಡೆಯುವಂತಾದದ್ದು ಇವುಗಳಿಂದ. ಆ ದಿನಗಳ ಫಾಂಟುಗಳಲ್ಲಿ ಯಂತ್ರದೊಳಗೆ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡವಾಗುತ್ತಿದ್ದದ್ದು ಅದರ ಮೇಲೆ ಹೊದಿಸಿದ ರೂಪ ಮಾತ್ರ. ಆ ಫಾಂಟು ಪಿಡಿಎಫ್ಫಿನೊಳಗೆ ಸೇರದಿದ್ದರೆ, ತೆರೆಯುವ ಕಂಪ್ಯೂಟರಿನಲ್ಲೂ ಇಲ್ಲದಿದ್ದರೆ ಹೊದಿಕೆ ಜಾರುತ್ತದೆ, ಸದಸ್ಯರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಯೂನಿಕೋಡ್ ಇದನ್ನು ಸರಿಮಾಡಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಪ್ರತಿ ಅಕ್ಷರಕ್ಕೂ, ಸ್ವರಚಿಹ್ನೆಗೂ, ವಿರಾಮಕ್ಕೂ ಬೇರೆ ಬೇರೆ ಸಂಖ್ಯೆ ಸಿಕ್ಕಿತು. ಆದರೆ ಅವನ್ನು ಕೂಡಿಸಿ ಒತ್ತಕ್ಷರ ಕಟ್ಟುವ ಕೆಲಸ ಪ್ರತಿ ಸಲವೂ ಹೊಸದಾಗಿ ನಡೆಯಬೇಕು. ಹೆಚ್.ಡಿ. ಕೋಟೆಯ ಪೂರ್ತಿ ಹೆಸರು 'ಹೆಗ್ಗಡದೇವನಕೋಟೆ' ಎಂಬುದನ್ನೇ ನೋಡಿ. ನಮ್ಮ ಕಣ್ಣಿಗೆ ಎಂಟು ಅಕ್ಷರ. ಯೂನಿಕೋಡಿನಲ್ಲಿ ಅದು ಹದಿನಾಲ್ಕು ಸಂಖ್ಯೆ: ಹ, ಎತ್ವ, ಗ, ವಿರಾಮ, ಮತ್ತೊಂದು ಗ, ಹೀಗೆ. ಫೈಲಿಗೆ ಇಳಿಯುವಾಗ ಸಾಮಾನ್ಯ ಪದ್ಧತಿಯಲ್ಲಿ ಒಂದೊಂದಕ್ಕೆ ಮೂರು ಬೈಟ್ ಬೇಕು, ಒಟ್ಟು 42. ತಂತ್ರಾಂಶ ಬರೆದವರು ಊರಿನ ಹೆಸರಿಗೆ 40 ಬೈಟ್ ಸಾಕು ಎಂದು ಜಾಗ ಬಿಟ್ಟಿದ್ದರೆ ಹದಿಮೂರು ಸಂಖ್ಯೆಗಳು ಒಳಗೆ ಹೋಗುತ್ತವೆ, ಹದಿನಾಲ್ಕನೆಯದರ ಮೂರು ಬೈಟಿನಲ್ಲಿ ಒಂದು ಮಾತ್ರ ಒಳಗೆ ಬಿದ್ದು ಎರಡು ಕತ್ತರಿಸಿಹೋಗುತ್ತವೆ. ಆ ತುಂಡು ಬೈಟನ್ನು ಏನು ಮಾಡಬೇಕೆಂದು ತಿಳಿಯದೆ ವರದಿ ಕಟ್ಟುವ ಭಾಗ ನಿಂತುಬಿಡಬಹುದು. 'ಹಂಪಾಪುರ' ಎಂದು ಬರೆದ ಸಾಲು ಚೆನ್ನಾಗಿ ಇಳಿಯುತ್ತದೆ, ತಾಲ್ಲೂಕಿನ ಪೂರ್ತಿ ಹೆಸರು ಬರೆದ ಸಾಲು ಬೀಳುತ್ತದೆ.

ಒಂದೇ ಒಂದು ಅಕ್ಷರ ತಂತ್ರಾಂಶ ಕೆಡವಬಲ್ಲದೇ ಎಂಬ ಅನುಮಾನವಿದ್ದವರು 2018ರ ಫೆಬ್ರುವರಿಯನ್ನು ನೆನಪಿಸಿಕೊಳ್ಳಬಹುದು. ನಮ್ಮ ನೆರೆಯ ತೆಲುಗಿನ 'ಜ್ಞಾ' ರೂಪದ ಒಂದು ಅಕ್ಷರ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಸಂದೇಶದ ಆ್ಯಪ್‌ಗಳು ಕುಸಿಯುತ್ತಿದ್ದವು. ಆ ಸರಣಿಯೊಳಗೆ ಕಣ್ಣಿಗೆ ಕಾಣದ ಒಂದು ಚಿಹ್ನೆಯೂ ಸೇರಿತ್ತು. ಆ್ಯಪಲ್ ಅದೇ ತಿಂಗಳು ತಿದ್ದುಪಡಿ ಬಿಡುಗಡೆ ಮಾಡಿತು.

ಇಂಥ ಕಾಣದ ಚಿಹ್ನೆ ಕನ್ನಡದಲ್ಲೂ ಇದೆ, ಬೇಕಾಗಿಯೂ ಇದೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟಕಾರಕ್ಕೆ ವಕಾರ ಒತ್ತಾಗದಂತೆ ನಡುವೆ ನಿಲ್ಲುವುದು ಅದೇ. ವಾಟ್ಸ್‌ಆ್ಯಪಿನಲ್ಲಿ ಬಂದ ಹೆಸರುಗಳನ್ನು ನಕಲು ಮಾಡಿ ಲೆಕ್ಕದ ತಂತ್ರಾಂಶಕ್ಕೆ ಅಂಟಿಸಿದಾಗ ಈ ಚಿಹ್ನೆಗಳು ಜೊತೆಗೇ ಬರುತ್ತವೆ. ಪರದೆಯ ಮೇಲೆ ಹೆಸರು ಶುದ್ಧವಾಗಿ ಕಾಣುತ್ತದೆ. ಅನುಮಾನ ಬಂದ ಹೆಸರನ್ನು ಪೂರ್ತಿ ಅಳಿಸಿ, ಕೀಲಿಮಣೆಯಲ್ಲಿ ಹೊಸದಾಗಿ ಟೈಪ್ ಮಾಡಿದರೆ ಮಾತ್ರ ಅದು ಹೋಗುತ್ತದೆ.

ಫಾಂಟಿನ ಇನ್ನೊಂದು ಮಾತು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಕನ್ನಡಕ್ಕೆ 'ತುಂಗಾ' ಎಂಬ ಫಾಂಟು ಇತ್ತು. ಹಳೆಯ ವರದಿಗಳ ನಮೂನೆಗಳು ಅದನ್ನೇ ಕೇಳುತ್ತವೆ. ವಿಂಡೋಸ್ 10ರಿಂದೀಚೆಗೆ ತುಂಗಾ ಎಲ್ಲ ಕಂಪ್ಯೂಟರಿನಲ್ಲೂ ತಾನಾಗಿ ಇರುವುದಿಲ್ಲ. ಆಪ್ಷನಲ್ ಫೀಚರ್ಸ್ ಎಂಬಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಎಂದಿರುವುದನ್ನು ಸೇರಿಸಿಕೊಳ್ಳಬೇಕು. ಹೊಸ ಕಂಪ್ಯೂಟರ್ ಕೊಂಡ ಮೇಲೆ ವರದಿ ಕೆಟ್ಟಿತು ಎನ್ನುವವರು ಮೊದಲು ನೋಡಬೇಕಾದ್ದು ಇದನ್ನು.

ಅರ್ಧಕ್ಕೆ ಅರ್ಧ

ಪ್ರಿಂಟರ್ ಸರಿಯಿದೆ, ಜಾಗ ಸರಿಯಿದೆ, ಫಾಂಟೂ ಇದೆ. ಆದರೂ ಪಟ್ಟಿ ಬೀಳುತ್ತಿದೆ. ಆಗ ಪಟ್ಟಿಯೊಳಗೇ ಒಂದು ಕೆಟ್ಟ ಸಾಲು ಅಡಗಿದೆ ಎಂದು ಹಿಡಿಯಬಹುದು. ಅದನ್ನು ಹುಡುಕುವ ಉಪಾಯ ಒಕ್ಕಣೆ ಮಾಡಿದವರಿಗೆಲ್ಲ ಅರ್ಥವಾಗುವಂಥದ್ದು. ರಾಶಿಯನ್ನು ಎರಡು ಮಾಡಿ, ಕಲ್ಲು ಯಾವುದರಲ್ಲಿದೆ ನೋಡುವುದು.

ಹಾಲಿನ ಸಂಘದಲ್ಲಿ 300 ಸದಸ್ಯರಿದ್ದಾರೆ ಎಂದಿಟ್ಟುಕೊಳ್ಳಿ. 1ರಿಂದ 150ರವರೆಗಿನ ಪಟ್ಟಿ ಮಾತ್ರ ಇಳಿಸಿ. ಬಂತೆಂದರೆ ತೊಂದರೆ ಉಳಿದರ್ಧದಲ್ಲಿದೆ. 151ರಿಂದ 225 ಬೀಳುತ್ತದೆ. 151ರಿಂದ 188 ಇಳಿಯುತ್ತದೆ. 189ರಿಂದ 207 ಇಳಿಯುತ್ತದೆ. 208ರಿಂದ 216 ಬೀಳುತ್ತದೆ. 208ರಿಂದ 212 ಕೂಡ ಬೀಳುತ್ತದೆ. 208ರಿಂದ 210 ಬರುತ್ತದೆ, 211 ಒಂದೇ ಇಳಿಸಿದರೂ ಬರುತ್ತದೆ. ಉಳಿದದ್ದು 212. ಎಂಟು ಪ್ರಯತ್ನದಲ್ಲಿ ಕಲ್ಲು ಕೈಗೆ ಸಿಕ್ಕಿತು. ವರ್ಷದ 365 ದಿನಗಳಲ್ಲಿ ಕೆಟ್ಟ ದಿನ ಯಾವುದೆಂದು ಹುಡುಕುವುದಕ್ಕೂ ಹೀಗೆಯೇ ಒಂಬತ್ತು ಸಲಕ್ಕಿಂತ ಹೆಚ್ಚು ಬೇಡ.

ಆ ಸಾಲಿನಲ್ಲಿ ಏನಿರಬಹುದು? ಹೆಸರು ಕೆಟ್ಟಿರಬಹುದು. ಅಥವಾ ಆ ಸದಸ್ಯೆಯ ಹಸು ಈಯುವುದರಲ್ಲಿದ್ದು, ಆ ವಾರ ಆಕೆ ಹಾಲನ್ನೇ ಹಾಕಿರುವುದಿಲ್ಲ. ಸರಾಸರಿ ಫ್ಯಾಟು ತೆಗೆಯಲು ಒಟ್ಟನ್ನು ಲೀಟರಿನಿಂದ ಭಾಗಿಸಬೇಕು. ಲೀಟರ್ ಸೊನ್ನೆ. ಸೊನ್ನೆಯಿಂದ ಭಾಗಿಸಲು ಯಂತ್ರಕ್ಕೂ ಆಗದು. ಹಾಲು ಹಾಕಿದವರಿಗೆ ಮಾತ್ರ ಪಟ್ಟಿ ಮಾಡು ಎಂದು ಆರಿಸಿಕೊಂಡರೆ ಆ ದಿನದ ಮಟ್ಟಿಗೆ ಬಟವಾಡೆ ನಡೆಯುತ್ತದೆ. ತಿದ್ದಬೇಕಾದವರು ತಂತ್ರಾಂಶ ಕೊಟ್ಟವರು.

ತಾರೀಕಿನ ತಪ್ಪಿಗೆ ಒಂದು ಖಚಿತ ಗುರುತಿದೆ. ಪ್ರತಿ ತಿಂಗಳು 1ರಿಂದ 12ರವರೆಗೆ ಎಲ್ಲ ಸರಿ, 13ರಂದು ಕುಸಿತ. ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿ ತಿಂಗಳನ್ನು ಮೊದಲು ಓದುತ್ತಿದೆ, ಹದಿಮೂರನೆಯ ತಿಂಗಳು ಎಂಬುದು ಇಲ್ಲ. 12ರವರೆಗೆ ಬಂದ ಪಟ್ಟಿಗಳು ಸರಿಯಾಗಿದ್ದವು ಎಂದೂ ನಂಬುವಂತಿಲ್ಲ, ಅವುಗಳಲ್ಲಿ ದಿನವೂ ತಿಂಗಳೂ ಅದಲುಬದಲಾಗಿರಬಹುದು. ರೀಜನ್ ಸೆಟ್ಟಿಂಗನ್ನು ಭಾರತಕ್ಕೆ ಬದಲಿಸಿ, ಹಿಂದಿನ ಪಟ್ಟಿಗಳನ್ನೂ ಮತ್ತೊಮ್ಮೆ ನೋಡಬೇಕು.

ಫಾರ್ಮ್ಯಾಟ್ ಎಂಬ ಅವಸರ

ಇಷ್ಟೆಲ್ಲ ಹೇಳಲು ಕಾರಣವೇ ಮುಂದಿನ ಮಾತು. ತಂತ್ರಾಂಶ ಎರಡು ದಿನ ಹೀಗೆ ಕುಸಿದರೆ ಯಾರಾದರೂ "ಸುಮ್ನೆ ಫಾರ್ಮ್ಯಾಟ್ ಮಾಡ್ಸಿ ಸಾರ್" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಹಲವು ಲೆಕ್ಕದ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಇಡುವುದು ಸಿ ಡ್ರೈವಿನಲ್ಲಿ, ತಂತ್ರಾಂಶದ ಫೋಲ್ಡರಿನಲ್ಲೇ. ಫಾರ್ಮ್ಯಾಟ್ ಮಾಡಿದರೆ ಮೊದಲು ಅಳಿಸಿಹೋಗುವುದು ಸಿ ಡ್ರೈವ್. ಫೈಲಾಗಿ ಇಳಿಯಲಾರದೆ ಒಳಗೆ ಸುರಕ್ಷಿತವಾಗಿದ್ದ ಲೆಕ್ಕ ಆಗ ನಿಜವಾಗಿಯೂ ಹೋಗುತ್ತದೆ. ಹಾಲಿನ ಹಣದಲ್ಲಿ ಮಕ್ಕಳ ಫೀಸು ಕಟ್ಟುವವರ ವರ್ಷಗಳ ಲೆಕ್ಕ ಅದು. ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವುದಕ್ಕೂ ಮುಂಚೆ ದತ್ತಾಂಶದ ಫೋಲ್ಡರನ್ನು ಎರಡು ಕಡೆ ನಕಲು ಮಾಡಿ, ಆ ನಕಲು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ಎಂದು ನೋಡಲೇಬೇಕು.

ಫಾರ್ಮ್ಯಾಟಿಗೆ ಬದಲು ಮಾಡಬಹುದಾದ ಒಂದು ಕೆಲಸವಿದೆ. ತಂತ್ರಾಂಶ ಕುಸಿದ ಪ್ರತಿ ಸಲವೂ ವಿಂಡೋಸ್ ಅದನ್ನು ಬರೆದಿಟ್ಟುಕೊಳ್ಳುತ್ತದೆ. 'ಇವೆಂಟ್ ವ್ಯೂವರ್' ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್ ಎಂಬಲ್ಲಿ ಕೆಂಪು ಗುರುತಿನ ಸಾಲು ನೋಡಿದರೆ 'ಫಾಲ್ಟಿಂಗ್ ಮಾಡ್ಯೂಲ್' ಎಂದು ಒಂದು ಹೆಸರು ಇರುತ್ತದೆ. ಎಡವಿದ್ದು ಯಾವ ಭಾಗದಲ್ಲಿ ಎಂಬುದಕ್ಕೆ ಅದು ಸುಳಿವು. ಪ್ರಿಂಟರ್ ಕಂಪನಿಯ ಹೆಸರು ಹೋಲುವ ಫೈಲು ಅಲ್ಲಿದ್ದರೆ ಡ್ರೈವರ್ ಬದಲಿಸಬೇಕೆಂದು ತಿಳಿಯಬಹುದು. ಅದರ ಫೋಟೊ ತೆಗೆದು, ಯಾವ ಸಾಲಿನಲ್ಲಿ, ಯಾವ ತಾರೀಕಿನಲ್ಲಿ ಬಿತ್ತು ಎಂದು ಬರೆದು ತಂತ್ರಾಂಶದವರಿಗೆ ಕಳಿಸಿದರೆ ಅವರೂ ಊಹಿಸುತ್ತ ಕೂರಬೇಕಾಗಿಲ್ಲ. ಬರೀ "ಕೆಲಸ ಮಾಡ್ತಿಲ್ಲ" ಎಂದು ಫೋನಿನಲ್ಲಿ ಹೇಳಿದರೆ ಬೆಂಗಳೂರಲ್ಲಿ ಕೂತವರಿಗೆ ಏನೂ ಕಾಣುವುದಿಲ್ಲ.

ಕರೆಂಟಿನ ಮಾತನ್ನೂ ಬಿಡುವಂತಿಲ್ಲ. ಫೈಲು ಬರೆಯುತ್ತಿರುವಾಗ ಕರೆಂಟು ಹೋದರೆ ಅರ್ಧ ಬರೆದ ಫೈಲು ಉಳಿಯುತ್ತದೆ, ಮುದ್ರಣದ ಸರದಿಯಲ್ಲಿ ಹಳೆಯ ಕೆಲಸ ಸಿಕ್ಕಿಕೊಂಡು ಹೊಸದನ್ನು ತಡೆಯುತ್ತದೆ. ಸರ್ವೀಸಸ್ ಎಂಬಲ್ಲಿ 'ಪ್ರಿಂಟ್ ಸ್ಪೂಲರ್' ನಿಲ್ಲಿಸಿ, ಸಿಕ್ಕಿಕೊಂಡ ಫೈಲುಗಳನ್ನು ಅಳಿಸಿ, ಮತ್ತೆ ಚಾಲೂ ಮಾಡಿದರೆ ಸರದಿ ತೆರೆದುಕೊಳ್ಳುತ್ತದೆ. ಒಳ್ಳೆಯ ಬ್ಯಾಟರಿಯ ಯುಪಿಎಸ್ ಇದ್ದರೆ ಈ ಪಾಡೇ ಇಲ್ಲ.

ತಂತ್ರಾಂಶ ಬರೆಯುವವರಿಗೂ ಒಂದು ಕೋರಿಕೆ ಇದೆ. ಹಳ್ಳಿಯ ಸಂಘದ ಕಾರ್ಯದರ್ಶಿ ಇಂಗ್ಲಿಷಿನ ದೋಷಸಂಖ್ಯೆ ನೋಡಿ ಏನು ಮಾಡಬೇಕು? ಒಂದು ಸಾಲು ಕೆಟ್ಟಿದೆಯೆಂದು 299 ಜನರ ಹಣ ಯಾಕೆ ನಿಲ್ಲಬೇಕು? ಕೆಟ್ಟ ಸಾಲನ್ನು ಬದಿಗಿಟ್ಟು ಉಳಿದದ್ದನ್ನು ಇಳಿಸುವಂತೆ ಬರೆಯುವುದು ಕಷ್ಟದ ಕೆಲಸವಲ್ಲ. ಪರದೆಯ ಮೇಲೆ ಒಂದು ಸಾಲು ಕನ್ನಡದಲ್ಲಿ ಬಂದರೆ ಸಾಕು: "212ನೇ ಸದಸ್ಯರ ಹೆಸರಿನಲ್ಲಿ ತೊಂದರೆ ಇದೆ. ಉಳಿದ 299 ಜನರ ಪಟ್ಟಿ ಸಿದ್ಧವಾಗಿದೆ."